ಗುಡ್ಡದಾಚೆಯ ನೀರು

"ಅಲ್ಲಿ ನೋಡಿ, ಆ ಮೂಲೇಲಿ. ಬೆಳಗ್ಗೆಯಿಂದ ಸೋರ್ತಾನೇ ಇದೆ," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ.

ಬಾಗಿಲಲ್ಲಿ ನಿಂತಿದ್ದವನು ಹೆಗಲ ಮೇಲಿನ ಕ್ಯಾನ್ವಾಸ್ ಚೀಲ ಇಳಿಸಿ, ಎ.ಸಿ.ಯಿಂದ ತೊಟ್ಟಿಕ್ಕುತ್ತಿದ್ದ ಹನಿಗಳನ್ನು ನೋಡಿದ. ಮೇಜಿನ ಮೇಲಿದ್ದ ಖಾಲಿ ಲೋಟವನ್ನೆತ್ತಿ ಹನಿಯ ಕೆಳಗೆ ಹಿಡಿದ. ಇನ್ನೊಂದು ಕೈಯ ಗಡಿಯಾರದ ಮೇಲೆ ಕಣ್ಣಿಟ್ಟು, ಉಸಿರೂ ಆಡದವನ ಹಾಗೆ ನಿಂತ.

"ಗಂಟೆಗೆ ಒಂದು ಲೀಟರಿಗಿಂತ ಸ್ವಲ್ಪ ಕಮ್ಮಿ ಮೇಡಂ. ಸಂಜೆ ಹೊತ್ತಿಗೆ ನಿಮ್ಮ ಕಂಪ್ಯೂಟರ್ ವೈರಿನ ತನಕ ಬರುತ್ತೆ."

"ಅಳತೆ ಯಾರಿಗೆ ಬೇಕು? ರಿಪೇರಿ ಮಾಡಿ."

"ರಿಪೇರಿ ನನಗೆ ಬರಲ್ಲ. ನೀರು ಅಳೆಯೋದು ಅಷ್ಟೇ ಬರೋದು. ಅದೂ ಸರಿಯಾಗಿ ಬರಲ್ಲ ಅಂತ ನೀವು ಬರೆದಿದೀರಂತೆ."

ಅವಳು ಕುರ್ಚಿಯನ್ನು ತಿರುಗಿಸಿದಳು. ಮೊಣಕಾಲಿನ ತನಕ ಒಣಗಿದ ಕೆಸರಿನ ಪ್ಯಾಂಟು. ಬಿಸಿಲಲ್ಲಿ ಮಿರುಗುವ ನೀರನ್ನೇ ನೋಡಿ ನೋಡಿ ಕಣ್ಣಂಚಿನಲ್ಲಿ ಮೂಡಿದ ಸಣ್ಣ ಗೆರೆಗಳು. ಕೈಯಲ್ಲಿ ಅವಳದೇ ಕಾಫಿ ಲೋಟ. ಎ.ಸಿ. ರಿಪೇರಿಯವನಲ್ಲ ಎಂದು ಹೊಳೆಯುವಷ್ಟರಲ್ಲಿ ಯಾರೆಂಬುದೂ ಹೊಳೆಯಿತು. ನದಿಯ ಎಡಗವಲಿನ ಅಳತೆ ಕೇಂದ್ರದ ಎಂಜಿನಿಯರು. ಗಂಟೆಗಟ್ಟಲೆ ನೀರಿನಲ್ಲಿ ಕದಲದೆ ನಿಲ್ಲುತ್ತಾನೆಂದು ಕಚೇರಿಯವರೆಲ್ಲ ಕೊಕ್ಕರೆ ಎಂದು ಕರೆಯುವ ಆಸಾಮಿ.

"ನನ್ನ ನದೀನ ಸುಳ್ಳುಬುರುಕಿ ಅಂದದ್ದು ನೀವೇನಾ?" ಎಂದ ಕೊಕ್ಕರೆ. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ನಾನು ಹಾಗನ್ನಲಿಲ್ಲ. ಪ್ರೋಗ್ರಾಮ್ ಹೇಳಿತು."

"ಪ್ರೋಗ್ರಾಮ್ ಬರೆದೋರು ಯಾರು?"

"ನಾನೇ," ಎಂದು ಒಪ್ಪಿಕೊಂಡಳು.

ಕಚೇರಿಯಲ್ಲಿ ಅವಳಿಗೂ ಒಂದು ಅಡ್ಡಹೆಸರಿತ್ತು. ತಿರುಪು. ಕಂಪ್ಯೂಟರಿನೊಳಗೆ ಅವಳು ಕಟ್ಟಿದ ನದಿಗೆ ಬಿದ್ದ ಮಳೆಯ ಲೆಕ್ಕ ಕೊಟ್ಟರೆ, ಎಷ್ಟು ನೀರು ಹರಿಯುತ್ತದೆಂದು ಅದು ಹೇಳಬೇಕು. ಆದರೆ ಮಣ್ಣು ಎಷ್ಟು ಹೀರುತ್ತದೆ, ಮರಗಳು ಎಷ್ಟು ಕುಡಿಯುತ್ತವೆ, ನೆಲದೊಳಗೆ ಇಳಿದ ನೀರು ಎಷ್ಟು ಕಾಲ ತಂಗಿ ಹೊರಡುತ್ತದೆ, ಇದನ್ನೆಲ್ಲ ಇಡೀ ಜಲಾನಯನದಲ್ಲಿ ಅಳೆದವರು ಯಾರೂ ಇಲ್ಲ. ಗೊತ್ತಿಲ್ಲದ ಒಂದೊಂದಕ್ಕೂ ಒಂದೊಂದು ತಿರುಪು. ಹಳಬರು ಅವನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ, ಲೆಕ್ಕದ ನದಿ ನಿಜದ ನದಿಯಂತೆ ಹರಿಯುವವರೆಗೆ ಒದ್ದಾಡುತ್ತಿದ್ದರು. ಅವಳ ಪ್ರೋಗ್ರಾಮು ಆ ಕೆಲಸವನ್ನು ತಾನೇ ಮಾಡುತ್ತಿತ್ತು.

ಲೆಕ್ಕದ ನದಿ ನಿಜದ ನದಿಗೆ ಎಷ್ಟು ಹತ್ತಿರ ಎಂಬುದಕ್ಕೆ ಒಂದು ಅಂಕವಿರುತ್ತದೆ; ಅದು ಮಾಡಿ ಮುಗಿಸಿದ ಕೆಲಸಕ್ಕೆ ಇಲಾಖೆಯಲ್ಲೇ ಯಾರಿಗೂ ಬಾರದ ಅಂಕ ಬಂದಿತ್ತು. ಎರಡು ಕವಲುಗಳು ಸೇರುವ ಸಂಗಮದ ಕೆಳಗಿನ ಹರಿವನ್ನು ಕನ್ನಡಿ ಹಿಡಿದಂತೆ ತೋರಿಸುತ್ತಿತ್ತು. ಒಂದೇ ತೊಡಕೆಂದರೆ ಎಡಗವಲಿನ ಕೇಂದ್ರದ ಅಳತೆ. ಅದನ್ನು ಸೇರಿಸಿಕೊಂಡರೆ ಅಂಕ ಬೀಳುತ್ತಿತ್ತು, ಬಿಟ್ಟರೆ ಏರುತ್ತಿತ್ತು. 'ಈ ಕೇಂದ್ರದ ಅಳತೆ ನಂಬಲರ್ಹವಲ್ಲ, ಮುಂದುವರಿಸುವ ಅಗತ್ಯವಿಲ್ಲ' ಎಂದು ವರದಿಯಲ್ಲಿ ಒಂದು ಸಾಲು ಬರೆದಿದ್ದಳು. ಬರೆಯುವಾಗ ಆ ಸಾಲಿಗೆ ಕಣ್ಣಂಚಿನ ಗೆರೆಗಳಿರಲಿಲ್ಲ.

"ನಿಮ್ಮ ವರದೀನ ಇಲಾಖೆ ಸಮಿತಿ ಒಪ್ಪಿದ್ರೆ ಸ್ಟೇಶನ್ ಮುಚ್ತಾರೆ. ನನ್ನನ್ನ ಸಮುದ್ರದ ಕಡೆ ಹಾಕ್ತಾರಂತೆ, ಬಂದರಲ್ಲಿ ಉಬ್ಬರ ಇಳಿತ ಅಳೆಯೋಕೆ," ಎಂದ ಅವನು. "ಅದಿರಲಿ. ನನ್ನ ನದಿಗೆ ತೀರ್ಪು ಕೊಟ್ಟ ಆ ಮಹಾರಾಯನನ್ನ ಒಂದ್ಸಲ ತೋರಿಸ್ತೀರಾ?"

ಅವಳು ಪಕ್ಕದ ಸ್ಟೂಲು ಎಳೆದು ಕೊಟ್ಟಳು.

ಪರದೆಯ ಮೇಲೆ ನೀಲಿ ಗೆರೆಯೊಂದು ಏರಿ ಇಳಿಯುತ್ತಿತ್ತು. ಸಂಗಮದ ಕೆಳಗೆ ನಿಜವಾಗಿ ಅಳೆದ ನೀರು. ಅವಳು ಗುಂಡಿ ಒತ್ತಿದಳು. ಕೆಂಪು ಗೆರೆಯೊಂದು ಹುಟ್ಟಿತು. ಹುಚ್ಚು ಹಿಡಿದ ಗೆರೆ. ನೀಲಿ ಏರಿದಲ್ಲಿ ಇಳಿಯಿತು, ಇಳಿದಲ್ಲಿ ಕುಣಿಯಿತು. ಪ್ರೋಗ್ರಾಮು ಸಾವಿರಾರು ಊಹೆಗಳನ್ನು ಒಟ್ಟಿಗೆ ಬಿತ್ತಿ, ಸೋತವನ್ನು ಕಿತ್ತು, ಗೆದ್ದವುಗಳ ಗುಣಗಳನ್ನು ಬೆರೆಸಿ ಮತ್ತೆ ಬಿತ್ತುತ್ತಿತ್ತು. ಕೆಂಪು ಗೆರೆ ನಿಧಾನವಾಗಿ ತಣ್ಣಗಾಯಿತು. ಮಗು ದೊಡ್ಡವರ ಹೆಜ್ಜೆಯ ಮೇಲೆ ಹೆಜ್ಜೆ ಇಡುವಂತೆ ನೀಲಿಯ ಪಕ್ಕ ತೊದಲುತ್ತ ನಡೆಯಿತು. ಕೊನೆಗೆ ಅದರ ಮೈಮೇಲೇ ಮಲಗಿತು.

ಅವನು ಬಯ್ಯುತ್ತಾನೆಂದು ಅವಳು ಕಾದಳು. ಅವನ ಬಾಯಿ ಅರೆತೆರೆದಿತ್ತು.

"ಅಬ್ಬಾ," ಎಂದ ಮೆಲ್ಲಗೆ. "ಒಂದು ಹನಿ ನೀರನ್ನೂ ಮುಟ್ಟದೆ ಇಷ್ಟು ಹತ್ರ ಬಂತಲ್ಲ!"

ಇಲಾಖೆಯಲ್ಲಿ ಅವಳ ಅಂಕವನ್ನು ಹೊಗಳಿದವರು ಬೇಕಾದಷ್ಟು ಜನ. ಅದು ಅಲ್ಲಿಗೆ ಏರುವ ದಾರಿಯನ್ನು ಹೀಗೆ ಕಣ್ಣರಳಿಸಿ ನೋಡಿದವರು ಯಾರೂ ಇರಲಿಲ್ಲ. ಅವಳಿಗೆ ಕೆನ್ನೆ ಬಿಸಿಯಾಯಿತು.

ಅವನು ನೀಲಿ ಗೆರೆಯ ಅತಿ ಎತ್ತರದ ತುದಿಯ ಮೇಲೆ ಬೆರಳಿಟ್ಟ. "ಇದು ದೊಡ್ಡ ನೆರೆ ಬಂದ ದಿನ. ಇಲ್ಲಿ ಒಂದು ಮರ ಬೇರು ಸಮೇತ ತೇಲಿ ಹೋಯ್ತು. ಅದರ ಮೇಲೆ ಒಂದು ಬೆಕ್ಕು ಕೂತಿತ್ತು, ಮಹಾರಾಣಿ ಥರ."

"ಬೆಕ್ಕಾ? ಏನಾಯ್ತು ಅದಕ್ಕೆ?"

"ಕೆಳಗಿನ ಸೇತುವೆ ಹತ್ರ ನೆಗೆದು ದಡ ಸೇರಿತಂತೆ. ಈಗ ಸೇತುವೆ ಕಾವಲುಗಾರರ ಮನೇಲಿದೆ. ನೀರು ಕಂಡ್ರೆ ಆಗಲ್ಲ, ಹಾಲು ಮಾತ್ರ." ಆಮೇಲೆ ಅವಳತ್ತ ತಿರುಗಿ, "ನೀವು ಎಡಗವಲನ್ನ ನೋಡಿದೀರಾ?"

ಉತ್ತರ ಅವಳ ಮುಖದಲ್ಲೇ ಇತ್ತು.

"ಬನ್ನಿ ಒಂದ್ಸಲ. ತಪ್ಪು ನನ್ನದಾದ್ರೆ ನಿಮ್ಮ ಕೈಯಾರೆ ಹಿಡೀರಿ. ನಾನೇನೂ ಅಂದ್ಕೊಳಲ್ಲ." ಹೊರಡುವ ಮುನ್ನ ಲೋಟವನ್ನು ಮತ್ತೆ ಹನಿಯ ಕೆಳಗೇ ಇಟ್ಟ. "ತುಂಬಿದಾಗ ಚೆಲ್ಲಿ. ರಿಪೇರಿಯವರು ಬರೋ ತನಕ."

*

ಎರಡು ದಡಗಳ ನಡುವೆ ಉಕ್ಕಿನ ಹಗ್ಗ ಬಿಗಿದಿತ್ತು. ಹಗ್ಗದಿಂದ ತೊಟ್ಟಿಲಿನಂಥ ಕಬ್ಬಿಣದ ಪಂಜರವೊಂದು ಜೋತಾಡುತ್ತಿತ್ತು. ಅದರಲ್ಲಿ ಕೂತು ಹಿಡಿಕೆ ತಿರುಗಿಸುತ್ತ ನದಿಯ ಮೇಲೆ ತೆವಳಬೇಕು; ಅಲ್ಲಲ್ಲಿ ನಿಂತು ನೀರಿನ ವೇಗ ಅಳೆಯಬೇಕು.

"ಇಬ್ಬರನ್ನ ತಡಕೊಳ್ಳುತ್ತಾ?" ಎಂದು ಕೇಳಿದಳು.

"ಒಂದೂವರೆ ಜನಾನ. ನೀವು ತೆಳ್ಳಗಿದೀರಿ, ಬನ್ನಿ."

ಪಂಜರ ದಡ ಬಿಟ್ಟಿತು. ಕಾಲ ಕೆಳಗೆ ನೆಲ ಸರಿದು ನೀರು ಬಂತು. ಅವಳು ವರ್ಷಗಟ್ಟಲೆ ಅಂಕೆಗಳಲ್ಲಿ ನೋಡಿದ್ದ ನೀರು, ಈಗ ಕಪ್ಪು ಹಸಿರಾಗಿ, ಸ್ನಾಯುಗಳಿರುವ ಪ್ರಾಣಿಯಂತೆ ಹೊರಳುತ್ತಿತ್ತು. ತಣ್ಣನೆಯ ಉಸಿರು ಮುಖಕ್ಕೆ ಬಡಿಯಿತು. ಅವಳು ಪಂಜರದ ಕಂಬಿಯನ್ನೇ ಹಿಡಿದಿದ್ದೇನೆ ಎಂದುಕೊಂಡಿದ್ದಳು. ನೋಡಿದರೆ ಅವನ ತೋಳು.

"ಹಿಡ್ಕೊಳ್ಳಿ, ಹಿಡ್ಕೊಳ್ಳಿ. ಅದೂ ಸರ್ಕಾರಿ ಆಸ್ತಿನೇ," ಎಂದ ಅವನು, ನಗು ತುಟಿ ದಾಟದಂತೆ ನೋಡಿಕೊಂಡು.

ನಡುನೀರಿನಲ್ಲಿ ಪಂಜರ ನಿಲ್ಲಿಸಿ, ಮೀನಿನಾಕಾರದ ಸೀಸದ ತೂಕಕ್ಕೆ ಕಟ್ಟಿದ ಪುಟ್ಟ ಚಕ್ರವನ್ನು ಇಳಿಬಿಟ್ಟ. ಇಯರ್‌ಫೋನ್ ತೆಗೆದು ಅವಳ ಕಿವಿಗೆ ತಾನೇ ಇಟ್ಟ. ಟಿಕ್, ಟಿಕ್, ಟಿಕ್. ನೀರಿನಡಿಯಲ್ಲಿ ಚಕ್ರ ಒಂದು ಸುತ್ತು ಸುತ್ತಿದಾಗಲೆಲ್ಲ ಒಂದು ಸದ್ದು. ಅವಳು ಕಣ್ಣು ಮುಚ್ಚಿದಳು. ಮೊದಲ ಸಲ ಎದೆಬಡಿತ ಕೇಳಿದವರ ಮುಖವಾಯಿತು ಅವಳದು.

"ಇದೇನಾ ನನ್ನ ಹತ್ರ ಬರೋ ಅಂಕಿ?"

"ಇದೇ. ಹುಟ್ಟೋದು ಹೀಗೆ. ಆಮೇಲೆ ನಿಮ್ಮ ಹತ್ರ ಬರುವಷ್ಟರಲ್ಲಿ ಡ್ರೆಸ್ ಹಾಕ್ಕೊಂಡು ಬರುತ್ತೆ."

ಅವಳು ಅಂದು ದಡದಿಂದ ದಡಕ್ಕೆ ತಾನೇ ಅಳೆದಳು. ಎಣಿಸಿದಳು, ಗುಣಿಸಿದಳು, ಕೂಡಿದಳು. ಉತ್ತರ ಅವನು ಕಳಿಸುತ್ತ ಬಂದಿದ್ದ ಉತ್ತರವೇ. ಮೇಲಿನ ಇಳಿಜಾರುಗಳಲ್ಲಿ ಬಿದ್ದ ಮಳೆಗೆ ಹೋಲಿಸಿದರೆ ತೀರ ಕಡಿಮೆ ನೀರು. ನಂಬಲಾಗದಷ್ಟು ಕಡಿಮೆ. ಆದರೆ ಈಗ ನಂಬದಿರಲು ಕಾರಣವಿರಲಿಲ್ಲ. ಅದು ಅವಳದೇ ಕಿವಿಯೊಳಗೆ ಬಡಿದಿತ್ತು.

"ನನಗೂ ಅನುಮಾನ ಇತ್ತು," ಎಂದ ಅವನು, ನೀರನ್ನು ನೋಡುತ್ತ. "ಅಷ್ಟು ಮಳೆ, ಇಷ್ಟೇ ಹರಿವು. ಮೀಟರ್ ಬದಲಾಯಿಸಿದೆ. ಜಾಗ ಬದಲಾಯಿಸಿದೆ. ಕೊನೆಗೆ ಕಿವಿ ಕೆಟ್ಟಿದೆಯೇನೋ ಅಂತ ಡಾಕ್ಟರ್ ಹತ್ರ ಹೋಗಿ ಬಂದೆ."

"ಏನಂದ್ರು?"

"ಕಿವಿ ಚೆನ್ನಾಗಿದೆ, ಮದುವೆ ಆಗಿ, ಮಾತಾಡೋರು ಸಿಗ್ತಾರೆ ಅಂದ್ರು."

ಅವಳು ನಕ್ಕಳು. ಪಂಜರ ತೂಗಿತು. ನಗು ನಿಂತ ಮೇಲೂ ಇಬ್ಬರ ಕಣ್ಣುಗಳು ಬೇರೆಯಾಗಲು ಸ್ವಲ್ಪ ತಡವಾಯಿತು. ಕೆಳಗೆ ನದಿ ತನಗೇನೂ ಸಂಬಂಧವಿಲ್ಲವೆಂಬಂತೆ ಹರಿಯುತ್ತಿತ್ತು.

*

ಮರುದಿನ ಕಚೇರಿಯಲ್ಲಿ ಅವಳು ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು. ಅಂಕವನ್ನು ನೋಡದೆ, ಎಡಗವಲಿನ ಅಳತೆಯನ್ನೂ ಸೇರಿಸಿ ಓಡಿಸಿದಾಗ ಪ್ರೋಗ್ರಾಮು ತಿರುಗಿಸಿಟ್ಟ ತಿರುಪುಗಳನ್ನು ಒಂದೊಂದಾಗಿ ನೋಡಿದಳು.

ಪ್ರತಿ ತಿರುಪಿಗೂ ಒಂದು ಮಿತಿ ಕೊಟ್ಟಿರುತ್ತಾರೆ. ಇಲ್ಲಿಂದ ಇಲ್ಲಿಯವರೆಗೆ ಮಾತ್ರ ತಿರುಗು ಎಂದು. ಸರಿಯಾದ ಉತ್ತರ ನಡುವೆ ಎಲ್ಲೋ ನೆಮ್ಮದಿಯಾಗಿ ಕೂರುತ್ತದೆ. ಎಡಗವಲಿನ ಕಾಡು ಕುಡಿಯುವ ನೀರಿನ ತಿರುಪು ಮಿತಿಯ ಗೋಡೆಗೆ ತಲೆ ಒತ್ತಿ ನಿಂತಿತ್ತು. ಇನ್ನೂ ಬೇಕು, ಇನ್ನೂ ಬೇಕು ಎಂಬಂತೆ. ಗುಡ್ಡದಾಚೆ ಯಾರೂ ಅಳತೆ ಮಾಡದ ಬಲಗವಲಿನಲ್ಲಿ ಮಳೆಯ ತಿರುಪೂ ಹಾಗೇ ಗೋಡೆಗೆ ಒತ್ತಿತ್ತು. ಅಲ್ಲಿ ಬೀಳದ ಮಳೆಯನ್ನೂ ಪ್ರೋಗ್ರಾಮು ಸುರಿಸಿತ್ತು.

ಒಂದು ಕಡೆ ನೀರನ್ನು ಮಾಯ ಮಾಡಿ, ಇನ್ನೊಂದು ಕಡೆ ಮಾಯದಿಂದ ತಂದು, ಸಂಗಮದಲ್ಲಿ ಲೆಕ್ಕ ಸರಿದೂಗಿಸಿತ್ತು. ಮಿತಿಗೆ ತಾಗಿದ ತಿರುಪನ್ನು ನಂಬಬೇಡಿ ಎಂದು ಕಾಲೇಜಿನ ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಎಡಗವಲಿನ ಅಳತೆ ಬಿಟ್ಟು ಅಂಕ ಅಷ್ಟು ಚೆನ್ನಾಗಿ ಬಂದ ಮೇಲೆ ಯಾರು ತಿರುಪು ನೋಡುತ್ತಾರೆ? ಅವಳೂ ನೋಡಿರಲಿಲ್ಲ.

ಅವಳಿಗೆ ನಾಚಿಕೆ ಮೊದಲು ಬಂತು. ಆದರೆ ಅದರ ಬೆನ್ನಿಗೇ ಬಂದದ್ದು ದೊಡ್ಡದು. ಕಣ್ಣಿಲ್ಲದ, ಕಿವಿಯಿಲ್ಲದ ಆ ಲೆಕ್ಕದ ಯಂತ್ರ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ, ಗೋಡೆಗೆ ತಲೆ ಚಚ್ಚಿಕೊಂಡು, ಏನನ್ನೋ ಹೇಳುತ್ತಿತ್ತು. ಅವಳು ಫೋನ್ ಎತ್ತಿದಳು.

"ನಿಮ್ಮಲ್ಲಿ ಕಳೆದುಹೋದ ನೀರು ಸಿಕ್ತು."

"ಎಲ್ಲಿ?"

"ಗುಡ್ಡದಾಚೆ. ಬಲಗವಲಲ್ಲಿ. ಅಲ್ಲಿ ಅಷ್ಟೇ ನೀರು ಜಾಸ್ತಿ ಇದೆ. ಕಾರಣ ಗೊತ್ತಿಲ್ಲದೆ ಜಾಸ್ತಿ ಇದೆ."

ಫೋನಿನಲ್ಲಿ ನದಿಯ ಸದ್ದು ಕೇಳುತ್ತಿತ್ತು.

"ಮೇಲೆ ಒಂದು ಕಡೆ ಹೊಳೆ ಸುಣ್ಣಕಲ್ಲಿನ ಬಂಡೆ ಕೆಳಗೆ ನುಗ್ಗುತ್ತೆ," ಎಂದ. "ಸ್ವಲ್ಪ ಕೆಳಗೆ ಮತ್ತೆ ಏಳುತ್ತೆ. ಅದೇ ನೀರು ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಒಳಗೆ ಹೋದಷ್ಟೂ ಹೊರಗೆ ಬರುತ್ತಾ ಅಂತ ಯಾರೂ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ, ಪೆದ್ದ."

"ನಾನೂ ಪೆದ್ದೀನೇ."

"ಹಾಗಾದ್ರೆ ಜೋಡಿ ಸರಿಯಾಯ್ತು," ಎಂದವನು ತಕ್ಷಣ ಕೆಮ್ಮಿದ. "ಅಂದ್ರೆ, ತಪ್ಪುಗಳ ಜೋಡಿ."

ವಿಷಯ ಕೇಳಿ ಅವಳ ಕಚೇರಿಯ ಚೀಫ್ ಮಾತ್ರ ಕುಣಿದಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಡೀ ಇಲಾಖೇಲಿ ನಿನ್ನದೇ ಬೆಸ್ಟ್ ಅಂಕ. ಸಮಿತಿ ಒಪ್ಪಿದ್ರೆ ಹೊಸ ಮುನ್ಸೂಚನಾ ವಿಭಾಗ ನಿನ್ನ ಕೈಗೆ ಬರುತ್ತೆ. ಯಾಕಮ್ಮಾ ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೋತೀಯ?"

"ಸರ್, ಎಡಗವಲಲ್ಲಿ ಮಳೆ ಬಿದ್ದು ಬಲಗವಲಲ್ಲಿ ನೆರೆ ಬಂದ್ರೆ? ನನ್ನ ಮಾಡೆಲ್ ಎಡದೋರನ್ನ ಎಬ್ಬಿಸುತ್ತೆ. ಬಲದ ಜನ ಮಲಗೇ ಇರ್ತಾರೆ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. "ಗುಡ್ಡದ ಹೊಟ್ಟೆಯೊಳಗೆ ನದಿ ಇದೆ ಅಂತ ಬರೀ ಬಾಯಲ್ಲಿ ಹೇಳಿದ್ರೆ ಸಮಿತಿ ನಗುತ್ತೆ. ಬಂಡೆ ಕೆಳಗೆ ಹೋಗೋ ನೀರಿಗೆ ಬಣ್ಣ ಹಾಕಿ ತೋರಿಸಿ. ಸಮಿತಿ ಸಭೆಗೆ ಮುಂಚೆ ಬಣ್ಣ ಗುಡ್ಡದಾಚೆ ಬಂದ್ರೆ ಕೇಂದ್ರ ಉಳಿಯುತ್ತೆ, ನಿನ್ನ ವರದಿ ಬೀಳುತ್ತೆ. ಬರದಿದ್ರೆ ವರದಿ ಇದ್ದ ಹಾಗೇ ಹೋಗುತ್ತೆ, ಅವನು ಸಮುದ್ರಕ್ಕೆ ಹೋಗ್ತಾನೆ. ಆಯ್ತಾ?"

*

ಬಣ್ಣ ಎಂದರೆ ಇಟ್ಟಿಗೆ ಕೆಂಪಿನ ಪುಡಿ. ನೀರಿಗೆ ಬಿದ್ದರೆ ಮಿಂಚುವ ಹಸಿರು. ಮೀನಿಗಾಗಲಿ ಮನುಷ್ಯರಿಗಾಗಲಿ ಅದರಿಂದ ಏನೂ ಆಗದು. ಬಂಡೆಯ ಬಾಯಲ್ಲಿ ಪುಡಿ ಸುರಿಯಲು ಅವನು ಈಚೆ ಉಳಿದ. ಗುಡ್ಡದಾಚೆ ಕಾಯಲು ಅವಳು ಹೋದಳು.

ಆಚೆ ಬದಿಯ ತಪ್ಪಲಿನಲ್ಲಿ, ಆಲಿಕಲ್ಲಿನಂತೆ ತಣ್ಣಗಿನ ದೊಡ್ಡ ಚಿಲುಮೆಯೊಂದು ಬಂಡೆಯ ಬುಡದಿಂದ ಹೊಮ್ಮಿ ಬಲಗವಲಿಗೆ ಸೇರುತ್ತಿತ್ತು. ಅದರ ಪಕ್ಕದಲ್ಲೇ ಅವನ ಅಕ್ಕನ ಮನೆ. ಅಕ್ಕ ಮೀನು ಮರಿ ಸಾಕುತ್ತಿದ್ದಳು. ಮನೆಯ ಹಿಂದಿನ ಸಿಮೆಂಟು ತೊಟ್ಟಿಗಳಿಗೆ ಬಂಡೆಯ ಬಿರುಕಿನ ಸಣ್ಣ ಒರತೆಯೊಂದರಿಂದ ನೀರು.

"ಬಾಮ್ಮಾ, ಬಾ. ನೀನೇನಾ ಆ ತಿರುಪು?" ಎಂದು ಅಕ್ಕ ಬಾಗಿಲಲ್ಲೇ ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನ ತಮ್ಮ ಫೋನ್ ಮಾಡಿದಾಗಲೆಲ್ಲ ನಿನ್ನನ್ನೇ ಬೈತಿದ್ದ. 'ನದಿ ನೋಡದೆ ನದಿ ಬಗ್ಗೆ ಬರೀತಾರೆ' ಅಂತ. ಆಮೇಲೆ ಒಂದು ದಿನ ಬೈಯೋದು ನಿಂತೋಯ್ತು. ಆಗಲೇ ನನಗೆ ಭಯ ಶುರುವಾಗಿದ್ದು."

"ಯಾಕಕ್ಕಾ, ಭಯ ಯಾಕೆ?"

"ಬೈಯೋದು ನಿಲ್ಲಿಸಿದ ಗಂಡಸು ಒಂದೋ ಕಾಯಿಲೆ ಬಿದ್ದಿರ್ತಾನೆ, ಇಲ್ಲ ಇನ್ನೇನೋ ಬಿದ್ದಿರ್ತಾನೆ. ಮಾತ್ರೆ ತಗೊಂಡ್ಯಾ ಅಂದ್ರೆ ಇಲ್ಲ ಅಂದ."

ಅವಳು ಚಿಲುಮೆಯ ಪಕ್ಕದ ಕಲ್ಲಿನ ಮೇಲೆ ಕುಳಿತಳು. ದಿನಗಳು ಕಳೆದವು. ನೀರು ಬಂತು, ಬಂತು, ಬರುತ್ತಲೇ ಇತ್ತು. ಗಾಜಿನಷ್ಟು ತಿಳಿಯಾಗಿ. ಸೀಸೆಯಲ್ಲಿ ಹಿಡಿದು ಬೆಳಕಿಗೆ ಎತ್ತುವಳು, ಬರೀ ನೀರು. ಆದರೂ ಬೇಸರವಾಗಲಿಲ್ಲ. ಬಂಡೆಗೆ ಕಿವಿಯಿಟ್ಟರೆ ಒಳಗೆ ಎಲ್ಲೋ ಆಳದಲ್ಲಿ ಗುಡುಗಿನಂಥ ಮೊರೆತ. ಬೆಳಕನ್ನೇ ಕಾಣದ ಕಣಿವೆಗಳು, ಹೆಸರಿಡದ ಜಲಪಾತಗಳು. ಬಿಸಿಲೇರಿ ಸುತ್ತಲ ಹೊಲವೆಲ್ಲ ಬಿರುಕು ಬಿಟ್ಟ ಈ ಕಾಲದಲ್ಲೂ ಚಿಲುಮೆ ಬತ್ತಿಲ್ಲವೆಂದರೆ, ತಾನು ಕೈಯಲ್ಲಿ ಹಿಡಿದಿರುವುದು ಯಾವ ಕಾಲದ ಮಳೆ? ಮರೆತೇಹೋದ ಯಾವುದೋ ಮಧ್ಯಾಹ್ನ ಯಾರದೋ ಕೊಡೆಯ ಮೇಲೆ ಬಿದ್ದು ಜಾರಿದ ಹನಿಯೂ ಇದರಲ್ಲಿ ಇರಬಹುದು. ಅವಳ ಪ್ರೋಗ್ರಾಮಿನಲ್ಲಿ ಇದಕ್ಕೆಲ್ಲ ಒಂದೇ ಒಂದು ತಿರುಪಿತ್ತು.

ಸಭೆಯ ದಿನ ಬೆಳಗಾಯಿತು. ನೀರು ತಿಳಿಯಾಗಿಯೇ ಇತ್ತು.

ಗುಡ್ಡದ ಇಳಿಜಾರಿನಲ್ಲಿ ಕಲ್ಲು ಉರುಳಿದ ಸದ್ದು. ತಿರುಗಿ ನೋಡಿದರೆ ಅವನು. ಮೊಣಕೈ ತರಚಿತ್ತು, ಪ್ಯಾಂಟಿನ ಮೊಣಕಾಲು ಹರಿದಿತ್ತು.

"ನಡ್ಕೊಂಡು ಬಂದ್ರಾ? ಜೀಪ್ ಇತ್ತಲ್ಲ!"

"ನೀರು ಬರೋ ದಾರೀಲೇ ಬರೋಣ ಅಂತ. ಅದು ಕೆಳಗೆ, ನಾನು ಮೇಲೆ. ಯಾರು ಮೊದಲು ಮುಟ್ತಾರೋ ನೋಡೋಣ ಅಂತ."

"ನೀವೇ ಗೆದ್ರಿ."

"ಗೆಲ್ಲಬಾರದಿತ್ತು," ಎಂದು ಅವಳ ಪಕ್ಕದ ಕಲ್ಲಿನ ಮೇಲೆ ಕುಸಿದು ಕುಳಿತ. ನೀರಿನಲ್ಲಿ ಕೈಯದ್ದಿ ಮುಖ ತೊಳೆದುಕೊಂಡ. "ಹೋಗಲಿ ಬಿಡಿ. ಸಮುದ್ರವೂ ನೀರೇ ತಾನೆ? ಸ್ವಲ್ಪ ಉಪ್ಪು ಜಾಸ್ತಿ."

ಅವಳು ನಗಲಿಲ್ಲ. "ನಾನು ವರದಿ ವಾಪಸ್ ತಗೋತೀನಿ. ಚೀಫ್‌ಗೆ ಬೆಳಗ್ಗೆನೇ ಮೆಸೇಜ್ ಕಳಿಸಿದೆ."

ಅವನು ಒದ್ದೆ ಮುಖ ಎತ್ತಿದ. "ಬಣ್ಣ ಬಂದಿಲ್ಲವಲ್ಲ."

"ಬಂದಿಲ್ಲ ಅಂದ್ರೆ ನನಗಿನ್ನೂ ಗೊತ್ತಿಲ್ಲ ಅಂತ. ಎರಡು ತಿರುಪು ಗೋಡೆಗೆ ಒತ್ತಿರೋದಂತೂ ಗೊತ್ತಿದೆ. ಗೊತ್ತಿಲ್ಲ ಅಂತಲೇ ಬರೀತೀನಿ. ಗೊತ್ತಾಗೋ ತನಕ ಆ ಕೇಂದ್ರ ಮುಚ್ಚಬೇಡಿ ಅಂತ ಬರೀತೀನಿ. ಕೇಳ್ತಾರೋ ಬಿಡ್ತಾರೋ."

"ವಿಭಾಗ ನಿಮ್ಮ ಕೈ ತಪ್ಪುತ್ತೆ. ನನಗೋಸ್ಕರ ಅಂತ ಇದೆಲ್ಲ ಬೇಡ."

"ನಿಮಗೋಸ್ಕರ ಅಲ್ಲ." ಅವಳು ಸೀಸೆಯ ಮುಚ್ಚಳವನ್ನು ತಿರುವಿದಳು, ಮತ್ತೆ ತಿರುವಿದಳು. "ನಿಮಗೋಸ್ಕರ ಇರೋದು ಬೇರೆ ವಿಷಯ. ಅದನ್ನ ಈಗಲೇ ಹೇಳಬೇಕು. ಬಣ್ಣ ಬಂದ ಮೇಲೆ ಹೇಳಿದ್ರೆ ಖುಷಿಗೆ ಹೇಳಿದ ಹಾಗಾಗುತ್ತೆ. ನೀವು ಗಂಟುಮೂಟೆ ಕಟ್ಟಿದ ಮೇಲೆ ಹೇಳಿದ್ರೆ ಕನಿಕರಕ್ಕೆ ಹೇಳಿದ ಹಾಗಾಗುತ್ತೆ. ಈಗ ಎರಡೂ ಇಲ್ಲ. ಈಗ ಹೇಳಿದ್ರೆ ಅದರಲ್ಲಿ ಬೇರೆ ಏನೂ ಬೆರೆತಿರಲ್ಲ."

ಅವನು ಮಿಸುಕಲಿಲ್ಲ. ಕೊಕ್ಕರೆ ಎಂಬ ಹೆಸರು ಅವನಿಗೆ ಅಷ್ಟು ಒಪ್ಪಿದ್ದು ಎಂದೂ ಇಲ್ಲ.

"ನೀವು ಕಿವಿಗೆ ಆ ಇಯರ್‌ಫೋನ್ ಇಟ್ರಲ್ಲ, ಅವತ್ತಿಂದ ನನಗೆ ಯಾವ ಅಂಕಿ ನೋಡಿದ್ರೂ ಅದರ ಹಿಂದೆ ನೀವು ಕಾಣ್ತೀರಿ. ಲೆಕ್ಕ ಮಾಡೋಕೆ ಬಹಳ ತೊಂದರೆ ಆಗ್ತಿದೆ," ಎಂದಳು. "ನೀವು ಸಮುದ್ರಕ್ಕೆ ಹೋದ್ರೂ ಕಾಣ್ತೀರಿ. ಅಷ್ಟೇ ವಿಷಯ."

ಅವನು ಹರಿದ ಪ್ಯಾಂಟಿನ ಮೇಲಿನ ಮಣ್ಣು ಕೊಡವಿದ. "ನಾನೂ ಹೇಳೋಕಂತಲೇ ಗುಡ್ಡ ಹತ್ತಿದ್ದು. ತುದಿ ತಲುಪೋ ಹೊತ್ತಿಗೆ ಪೂರ್ತಿ ಬಾಯಿಪಾಠ ಆಗಿತ್ತು. ಇಳಿಯುವಾಗ ಜಾರಿ ಬಿದ್ದೆ ನೋಡಿ, ಎಲ್ಲ ಮರೆತೋಯ್ತು."

"ನೆನಪಿರೋಷ್ಟು ಹೇಳಿ."

"ಕೊನೇ ಸಾಲು ಮಾತ್ರ ನೆನಪಿದೆ. 'ನೀವು ಒಪ್ಪದಿದ್ರೂ ನನಗೇನೂ ಬೇಜಾರಿಲ್ಲ' ಅಂತ." ತರಚಿದ ಮೊಣಕೈಯನ್ನು ನೋಡಿಕೊಂಡ. "ಅದು ಸುಳ್ಳು. ತುಂಬಾ ಬೇಜಾರಾಗುತ್ತೆ."

ಅವಳು ಅವನ ಒದ್ದೆ ಕೈಯ ಮೇಲೆ ತನ್ನ ಕೈಯಿಟ್ಟಳು. ಎರಡೂ ಕೈಗಳು ಚಿಲುಮೆಯಷ್ಟೇ ತಣ್ಣಗಿದ್ದವು. ಬೆಚ್ಚಗಾಗಲು ಹೊತ್ತು ಹಿಡಿಯಿತು, ಇಬ್ಬರಿಗೂ ಅವಸರವಿರಲಿಲ್ಲ.

ಮನೆಯ ಹಿಂದಿನಿಂದ ಅಕ್ಕನ ಕೂಗು ಕೇಳಿದ್ದು ಆಗ.

"ಏ, ಹಾಳಾದವರಾ! ನನ್ನ ಮರಿಗಳಿಗೆ ಏನ್ರೋ ಮಾಡಿದ್ರಿ?"

ಇಬ್ಬರೂ ಓಡಿದರು. ಅಕ್ಕ ತೊಟ್ಟಿಯ ಮುಂದೆ ಬಲೆ ಹಿಡಿದು ನಿಂತಿದ್ದಳು. ತೊಟ್ಟಿಯಲ್ಲಿ ನೀರಿರಲಿಲ್ಲ, ಬೆಳಕಿತ್ತು. ಎಳೆ ಚಿಗುರಿಗೂ ಇಲ್ಲದ, ಪಚ್ಚೆ ಕಲ್ಲಿಗೂ ಇಲ್ಲದ ಹಸಿರು. ಆ ಹಸಿರಿನೊಳಗೆ ಸಾವಿರ ಮೀನು ಮರಿಗಳು ಕರಿ ಎಳ್ಳಿನಂತೆ, ತಮಗೆ ಏನೂ ಆಗಿಲ್ಲವೆಂಬಂತೆ ಆಡುತ್ತಿದ್ದವು. ಗೋಡೆಯ ಹಿಂದಿನ ಬಂಡೆಯ ಬಿರುಕಿನಿಂದ, ಯಾರೂ ಕಾವಲು ಹಾಕದಿದ್ದ ಆ ಸಣ್ಣ ಒರತೆಯಿಂದ, ಹಸಿರು ದಾರ ಕಡಿಯದೆ ಇಳಿಯುತ್ತಿತ್ತು.

"ಬಂತು," ಎಂದ ಅವನು. ಪಿಸುಮಾತಿನಲ್ಲಿ, ನಿದ್ದೆಯಲ್ಲಿರುವ ಮಗುವಿನ ಕೋಣೆಯಲ್ಲಿ ಮಾತಾಡುವಂತೆ.

ಇಡೀ ಗುಡ್ಡವನ್ನು ಕತ್ತಲಲ್ಲಿ ಹಾದು ಬಂದ ನೀರು. ದಾರಿ ಕೇಳದೆ, ಯಾರೂ ತೋರಿಸದೆ. ಅವಳ ಯಂತ್ರ ಕುರುಡಾಗಿಯೇ ಮುಟ್ಟಿ ನೋಡಿದ್ದ ಸತ್ಯ ಅವಳ ಪಾದದ ಬಳಿ ಹರಿಯುತ್ತಿತ್ತು.

"ಬಂದದ್ದು ಸರಿ, ಹೋಗೋದು ಯಾವಾಗ?" ಎಂದಳು ಅಕ್ಕ.

"ಬೇಗ ಹೋಗಲ್ಲ ಅಕ್ಕಾ. ನಿಧಾನಕ್ಕೆ ತೆಳುವಾಗ್ತಾ, ತಿಂಗಳುಗಟ್ಟಲೆ ಬರ್ತಾನೇ ಇರುತ್ತೆ," ಎಂದಳು ಅವಳು. ಕಣ್ಣಿಂದ ನೀರಿಳಿಯುತ್ತಿತ್ತು, ಅದು ಅವಳಿಗೆ ಗೊತ್ತೂ ಇರಲಿಲ್ಲ. "ದಿನಾ ಸೀಸೆಯಲ್ಲಿ ಹಿಡೀಬೇಕು. ಆಚೆ ಅವರು, ಈಚೆ ನಾನು."

ಅಕ್ಕ ಒಮ್ಮೆ ತಮ್ಮನನ್ನು, ಒಮ್ಮೆ ಅವಳನ್ನು, ಒಮ್ಮೆ ಇನ್ನೂ ಬಿಡದೆ ಹಿಡಿದುಕೊಂಡಿದ್ದ ಕೈಗಳನ್ನು ನೋಡಿದಳು. "ತಿಂಗಳುಗಟ್ಟಲೆ ಆಚೆ ಅವನು, ಈಚೆ ನೀನು! ಇಷ್ಟೆಲ್ಲ ಓದಿ ನೀವು ಕಲಿತದ್ದು ಇದೇನಾ?" ಎಂದು ಬಲೆಯನ್ನು ಹೆಗಲಿಗೇರಿಸಿಕೊಂಡು ಒಳಗೆ ಹೋದಳು.

ಚೀಫ್‌ಗೆ ಫೋನ್ ಹಚ್ಚಿದಾಗ ಅವರು ಸಭೆಯ ಮೆಟ್ಟಿಲು ಹತ್ತುತ್ತಿದ್ದರು. ಎಲ್ಲವನ್ನೂ ಕೇಳಿ, ಉಸಿರು ಬಿಟ್ಟು, "ಹಾಗಾದ್ರೆ ಎಲ್ಲಾ ಮೊದಲಿಂದ ಮಾಡಬೇಕಲ್ಲಮ್ಮಾ?" ಎಂದರು.

"ಹೌದು ಸರ್, ಮೊದಲಿಂದ," ಎಂದಳು. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಬಹುದೆಂದು ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಚಿಲುಮೆಯ ಬಾಯಿಯೂ ಬಣ್ಣ ತಿರುಗತೊಡಗಿತ್ತು. ಮೊದಲು ಅನುಮಾನದಂತೆ, ಆಮೇಲೆ ತಡೆಯಿಲ್ಲದೆ. ಅವನು ಸೀಸೆಗಳ ಪೆಟ್ಟಿಗೆ ತೆರೆದ. ಅವಳು ಒಂದೊಂದಾಗಿ ತುಂಬಿದಳು, ಅವನು ಒಂದೊಂದಾಗಿ ಮುಚ್ಚಳ ಬಿಗಿದ. ಹಸಿರು ಹೊಳೆ ಅವರಿಬ್ಬರ ನಡುವೆ ಹಾದು, ರಸ್ತೆಯ ಮೋರಿಯ ಕೆಳಗೆ ತೂರಿ, ಬಲಗವಲಿಗೆ ಇಳಿದು ಹೊರಟಿತು. ಕೆಳಗೆ, ಬಹಳ ಕೆಳಗೆ, ಅದನ್ನು ಹೊರಟಲ್ಲೇ ಕಳೆದುಕೊಂಡಿದ್ದ ಎಡಗವಲು ತನ್ನ ದಾರಿಯಲ್ಲಿ ಹರಿದು ಬಂದು, ಸಂಗಮದಲ್ಲಿ ಅದನ್ನು ಕೂಡಿಕೊಳ್ಳಲಿತ್ತು.